ಟೋಬಾ ಸರೋವರ ಮತ್ತು ಜ್ವಾಲಾಪುರದ ಬೂದಿ

ಸುಮಾತ್ರ ಎಂಬ ದ್ವೀಪದ ಹೆಸರು ನಿಮ್ಮಲ್ಲಿ ಅನೇಕರ ಮನೆಗೆ ರೇಡಿಯೋದ ಮೂಲಕವೇ ಬಂದಿರಬೇಕು. 2004ನೆಯ ಇಸವಿ ಡಿಸೆಂಬರ್ 26ರ ಬೆಳಗ್ಗೆ ಆ ದ್ವೀಪದ ಸಮೀಪದಲ್ಲಿ ಕಡಲ ತಳ ಅದುರಿತು. ಅಲ್ಲಿಂದೆದ್ದ ಅಲೆ ಕೆಲವೇ ಗಂಟೆಗಳಲ್ಲಿ ತಮಿಳುನಾಡಿನ ತೀರವನ್ನು ಬಡಿಯಿತು. ಅಂದಿನ ವಾರ್ತೆಗಳನ್ನು ಕೇಳಿದವರು ಅದನ್ನು ಮರೆತಿರಲಾರರು. ಅಲ್ಲಿ ನೆಲ ಅಲುಗಿದರೆ ಇಲ್ಲಿ ನೀರು ಏಳುತ್ತದೆಂಬುದು ಆಗ ನಮಗೆಲ್ಲ ಗೊತ್ತಾಯಿತು. ಆದರೆ ಅದೇ ದ್ವೀಪದಿಂದ ಬಹು ಹಿಂದೊಮ್ಮೆ ನಮ್ಮ ನೆಲಕ್ಕೆ ಇನ್ನೊಂದು ವಸ್ತು ಬಂದು ಬಿದ್ದದ್ದುಂಟು. ಬಳ್ಳಾರಿಯಿಂದ ಪೂರ್ವಕ್ಕೆ ಸುಮಾರು ನೂರಿಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಅದನ್ನು ಇಂದಿಗೂ ಕೈಯಲ್ಲಿ ಹಿಡಿದು ನೋಡಬಹುದು. ಆ ವಸ್ತು ಎದ್ದು ಬಂದ ಜಾಗದಲ್ಲಿ ಈಗ ಒಂದು ಸರೋವರವಿದೆ. ಅದರ ಹೆಸರು ಟೋಬಾ.

ಮೊದಲು ಸರೋವರವನ್ನು ನೋಡೋಣ. ಸುಮಾತ್ರದ ಉತ್ತರ ಭಾಗದ ಮಲೆಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಅದು ಮಲಗಿದೆ. ಉದ್ದ 87 ಕಿಲೋಮೀಟರ್. ಅಗಲ, ಹೆಚ್ಚಿದ್ದೆಡೆ, 27. ಆಳವಾದರೋ 500 ಮೀಟರಿಗೂ ಮೀರಿದ್ದು. ತುಂಬಿದ ಕನ್ನಂಬಾಡಿ ಕಟ್ಟೆಯ ನೀರಿನ ಎತ್ತರವನ್ನು ಒಂದರ ಮೇಲೊಂದು ಹದಿಮೂರು ಸಲ ಇಟ್ಟರೆ ಆ ಆಳ ಸಿಕ್ಕೀತು. ಸುತ್ತಲೂ ಕಡಿದಾದ ಗೋಡೆಯಂಥ ದಡ. ನಡುವೆ ಸಾಮೋಸಿರ್ ಎಂಬ ನಡುಗಡ್ಡೆ, ಬೆಂಗಳೂರು ಮಹಾನಗರಕ್ಕಿಂತ ತುಸು ಚಿಕ್ಕದು. ಪಶ್ಚಿಮಕ್ಕೆ ಒಂದು ಕಡೆ ಸಣ್ಣ ಕೊರಳಿನಷ್ಟು ನೆಲದಿಂದ ದಡಕ್ಕೆ ಅಂಟಿಕೊಂಡಿದ್ದ ಇದನ್ನು ಡಚ್ಚರ ಆಳ್ವಿಕೆಯ ಕಾಲದಲ್ಲಿ ಕಾಲುವೆ ಕಡಿದು ಪೂರ್ತಿ ದ್ವೀಪ ಮಾಡಿದರು. ದ್ವೀಪದೊಳಗೊಂದು ದ್ವೀಪ!

ಅಲ್ಲಿ ವಾಸಿಸುವವರು ಬಾಟಕ್ ಜನ. ದೇವರಿಗೆ ಅವರಾಡುವ ‘ದೆಬಾತಾ’ ಎಂಬ ಮಾತು ನಮ್ಮ ‘ದೇವತಾ’ ಶಬ್ದವೇ. ಅವರಲ್ಲಿನ ಕೆಲವು ಕುಲಗಳ ಹೆಸರು ‘ಚೋಲಿಯಾ’, ‘ಪಾಂಡಿಯಾ’ ಎಂದಿರುವುದನ್ನು ಕೇಳಿದಾಗ ನನ್ನಂಥ ಭಾಷೆಯ ಮೇಷ್ಟರಿಗೆ ಅಲ್ಲೇ ನಿಂತುಬಿಡುವ ಆಸೆ. ಅದಿರಲಿ. ಸರೋವರ ಹುಟ್ಟಿದ್ದಕ್ಕೆ ಅವರದೊಂದು ಕಥೆಯಿದೆ. ಟೋಬಾ ಎಂಬ ಬಡವ ಮೀನು ಹಿಡಿದನಂತೆ. ಮೀನು ಹೆಣ್ಣಾಯಿತು. ‘ನನ್ನ ಮೂಲವನ್ನು ಎಂದೂ ಆಡಿ ತೋರಿಸಬಾರದು’ ಎಂಬ ಕರಾರಿನ ಮೇಲೆ ಅವನನ್ನು ಮದುವೆಯಾಯಿತು. ಮಗ ಹುಟ್ಟಿದ, ಹೆಸರು ಸಾಮೋಸಿರ್. ಒಂದು ದಿನ ಹೊಲಕ್ಕೆ ಬುತ್ತಿ ಒಯ್ಯಬೇಕಾಗಿದ್ದ ಹುಡುಗ ದಾರಿಯಲ್ಲಿ ತಾನೇ ಉಂಡುಬಿಟ್ಟ. ಹಸಿದ ತಂದೆ ಸಿಟ್ಟಿನ ಭರದಲ್ಲಿ ‘ಮೀನಿಗೆ ಹುಟ್ಟಿದವನೆ!’ ಎಂದು ಬೈದ. ಮಾತು ಮುಗಿಯುವ ಮುನ್ನ ನೆಲ ಬಿರಿದು ನೀರು ಉಕ್ಕಿ ಕಣಿವೆ ಮುಳುಗಿತು. ಶಂತನುವಿಗೆ ಗಂಗೆ ಹಾಕಿದ ಕರಾರು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಭೂಗರ್ಭಶಾಸ್ತ್ರಜ್ಞರೂ ಅಲ್ಲಿ ನೆಲ ಬಿರಿಯಿತು ಎಂದೇ ಹೇಳುತ್ತಾರೆ. ಹೇಗೆ ಬಿರಿಯಿತೆಂಬುದರಲ್ಲಿ ಮಾತ್ರ ಅವರ ಕಥೆ ಬೇರೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ತರಗತಿಯಲ್ಲಿ ಅಗ್ನಿಪರ್ವತಗಳ ಮಾತು ಬಂದಾಗ, ‘ಬೆಟ್ಟದ ತಲೆ ಸಿಡಿದು ಹಾರಿಹೋಗುತ್ತದೆ, ಉಳಿದ ಗುಂಡಿಯಲ್ಲಿ ನೀರು ನಿಲ್ಲುತ್ತದೆ’ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ತಲೆ ಹಾರಿಹೋದರೆ ಅದರ ಚೂರು ಸುತ್ತಮುತ್ತ ಬಿದ್ದಿರಬೇಕಲ್ಲ?’ ಎಂದ. ನಾನು ಗದರಿ ಕೂರಿಸಿದೆ. ಆಮೇಲೆ ಓದಿದಾಗ ತಿಳಿಯಿತು, ಅದು ದೊಡ್ಡ ದೊಡ್ಡ ವಿದ್ವಾಂಸರು ಕೇಳಿದ ಪ್ರಶ್ನೆಯೇ! 1883ರಲ್ಲಿ ಕ್ರಕಟೋವಾ ಸಿಡಿದ ಮೇಲೆ ವರ್‌ಬೀಕ್ ಎಂಬ ಡಚ್ ಶಾಸ್ತ್ರಜ್ಞ ಹೋಗಿ ಸುತ್ತ ಬಿದ್ದದ್ದನ್ನು ಪರೀಕ್ಷಿಸಿದ. ಹಳೆಯ ಬೆಟ್ಟದ ಕಲ್ಲು ಅದರಲ್ಲಿ ಅತ್ಯಲ್ಪ. ಹೆಚ್ಚಿನದೆಲ್ಲ ಒಳಗಿನಿಂದ ಹೊಸದಾಗಿ ಬಂದ ನೊರೆಗಲ್ಲು. ಹಾಗಾದರೆ ಹಳೆಯ ಬೆಟ್ಟ ಎಲ್ಲಿ ಹೋಯಿತು? ಮೇಲಕ್ಕೆ ಹಾರಲಿಲ್ಲ, ಕೆಳಕ್ಕೆ ಕುಸಿಯಿತು.

ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವು ನಿಮಗೆ ಗೊತ್ತು. ಒಳಗೆ ಕಾಳು ತುಂಬಿರುವ ತನಕ ಮೇಲಿನ ಮಣ್ಣಿಗೆ ಆಸರೆಯಿದೆ. ಕಾಳನ್ನೆಲ್ಲ ತೆಗೆದು ಹಗೇವು ಬರಿದಾದ ಮೇಲೆ ಅದರ ಮೇಲೆ ಬಂಡಿ ಹಾಯಿಸಿದರೆ ಏನಾದೀತು? ಚಾವಣಿ ಒಳಕ್ಕೆ ಬೀಳುತ್ತದೆ. ಅಗ್ನಿಪರ್ವತದ ಅಡಿಯಲ್ಲಿಯೂ ಅಂಥದೊಂದು ಕಣಜವಿದೆ. ಅದರಲ್ಲಿ ತುಂಬಿರುವುದು ಕರಗಿದ ಕಲ್ಲು, ಎಂದರೆ ಶಿಲಾರಸ. ಅದು ಒಮ್ಮೆಗೇ ಹೊರಬಿದ್ದರೆ ಮೇಲಿನ ನೆಲವೇ ಕುಸಿಯುತ್ತದೆ. ಹೀಗೆ ಕುಸಿದ ತಗ್ಗಿಗೆ ಶಾಸ್ತ್ರದಲ್ಲಿ ‘ಕಾಲ್ಡೆರಾ’ ಎನ್ನುತ್ತಾರೆ. ಸ್ಪೇನಿನವರ ಮಾತಿನಲ್ಲಿ ಅದಕ್ಕೆ ದೊಡ್ಡ ಹಂಡೆಯೆಂದು ಅರ್ಥ. ನಾವು ಆಲೆಮನೆಯ ಕೊಪ್ಪರಿಗೆಯನ್ನು ನೆನೆದು ‘ಕೊಪ್ಪರಿಗೆ’ ಎನ್ನೋಣ. ಟೋಬಾದ ಕೊಪ್ಪರಿಗೆ 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ. ಬೆಂಗಳೂರಿನಿಂದ ಮಂಡ್ಯದವರೆಗೆ ಬಸ್ಸಿನಲ್ಲಿ ಹೋಗುವಷ್ಟೂ ಹೊತ್ತು ಒಂದೇ ಗುಂಡಿಯೊಳಗೆ ಹೋಗುತ್ತಿದ್ದೀರಿ ಎಂದು ಊಹಿಸಿಕೊಳ್ಳಿ. ಇಷ್ಟು ದೊಡ್ಡದಾದ್ದರಿಂದಲೇ ಇದು ಅಗ್ನಿಪರ್ವತವೆಂದು ಕಣ್ಣಿಗೆ ಹೊಳೆಯುವುದಿಲ್ಲ. ಸುತ್ತಲ ಕಲ್ಲು ಬೂದಿಗಲ್ಲೆಂಬುದನ್ನೂ ಇಡೀ ತಗ್ಗು ಒಂದು ಕುಸಿದ ಕೊಪ್ಪರಿಗೆಯೆಂಬುದನ್ನೂ ವಿವರಿಸಿ ಬರೆದವನು ಡಚ್ ಶಾಸ್ತ್ರಜ್ಞ ವಾನ್ ಬೆಮ್ಮೆಲೆನ್. ಅವನ ಹೆಸರಾಂತ ಗ್ರಂಥ 1949ರದು.

ಆ ಕಣಜದೊಳಗೆ ಶಿಲಾರಸ ಹೇಗೆ ತುಂಬಿತು? ಇದರಲ್ಲಿ ನಮ್ಮ ಪಾಲೂ ಇದೆ. ಭೂಮಿಯ ಮೇಲ್ಪದರ ಒಂದೇ ತುಂಡಲ್ಲ. ಒಡೆದ ಚಿಪ್ಪುಗಳಂತಿರುವ ಫಲಕಗಳು. ಭಾರತವನ್ನೂ ಹಿಂದೂ ಮಹಾಸಾಗರದ ತಳವನ್ನೂ ಹೊತ್ತ ಫಲಕ ಸುಮಾತ್ರದ ಅಡಿಗೆ ವರ್ಷಕ್ಕೆ ಐದಾರು ಸೆಂಟಿಮೀಟರಿನಂತೆ ನುಗ್ಗುತ್ತಿದೆ. 2004ರಲ್ಲಿ ಜಾರಿದ್ದು ಈ ಸಂದೇ. ಕಡಲ ನೀರನ್ನು ಹೀರಿಕೊಂಡ ಆ ಫಲಕ ಆಳಕ್ಕೆ ಇಳಿದಂತೆ ನೀರನ್ನು ಬಿಟ್ಟುಕೊಡುತ್ತದೆ. ಬಿಸಿಕಲ್ಲಿಗೆ ನೀರು ಬೆರೆತರೆ ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ ಕಲ್ಲು ಹಗುರವಾಗಿ ಮೇಲೆದ್ದು, ನೆಲದಿಂದ ಕೆಲವು ಕಿಲೋಮೀಟರ್ ಕೆಳಗೆ ನಿಂತು, ಸಾವಿರಾರು ವರ್ಷ ಬೇಯುತ್ತ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಎಳೆಯದಿದ್ದಾಗ ಹರಿಯುತ್ತದೆ, ಹದ ಮೀರಿದರೆ ಸೌಟಿಗೆ ಅಂಟುತ್ತದೆ. ಶಿಲಾರಸದಲ್ಲಿಯೂ ಹಾಗೆಯೇ. ಮರಳಿನ ಮೂಲದ್ರವ್ಯವಾದ ಸಿಲಿಕಾ ಕಡಿಮೆಯಿದ್ದರೆ ಅದು ತೆಳ್ಳಗೆ ಹರಿಯುತ್ತದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕರಿಕಲ್ಲು ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಹಾಗೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಎರೆಭೂಮಿ ಅದು ಸವೆದದ್ದು. ಟೋಬಾದ್ದು ಅದಕ್ಕೆ ತದ್ವಿರುದ್ಧ. ಸಿಲಿಕಾ ಶೇಕಡಾ 70ಕ್ಕೆ ಹತ್ತಿರವೋ ಮಿಗಿಲೋ ಆದ ಅಂಟುಪಾಕ. ಅದರಲ್ಲಿ ಕರಗಿದ ನೀರಾವಿ ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಗೋಲಿ ಸೋಡಾದ ಬಾಟಲಿಯಲ್ಲಿ ಗೋಲಿ ಇರುವತನಕ ಎಲ್ಲ ಶಾಂತ. ಗೋಲಿಯನ್ನು ಒತ್ತಿದೊಡನೆ ಒಳಗೆ ಕರಗಿದ್ದ ಗಾಳಿ ಗುಳ್ಳೆಗಳಾಗಿ ಎದ್ದು ನೀರನ್ನೂ ಹೊರಗೆಳೆದು ತರುತ್ತದೆ. ಕಣಜದ ಚಾವಣಿ ಬಿರಿದಾಗ ಅಲ್ಲಿ ಆದದ್ದು ಅದೇ.

ಒಮ್ಮೆಯಲ್ಲ, ಹಾಗೆ ನಾಲ್ಕು ಸಲ ಆಗಿದೆ. ಸುಮಾರು 12 ಲಕ್ಷ ವರ್ಷಗಳ ಹಿಂದೆ ಒಂದು, 8 ಲಕ್ಷದ ಸುಮಾರಿಗೆ ಇನ್ನೊಂದು, 5 ಲಕ್ಷ ವರ್ಷಗಳ ಹಿಂದೆ ಮೂರನೆಯದು. ಆದ್ದರಿಂದ ಇಂದು ದೋಣಿಯಲ್ಲಿ ಕುಳಿತು ಸರೋವರದ ದಡದ ಗೋಡೆಗಳನ್ನು ನೋಡುವವನು ನೋಡುವುದು ಬಹುಮಟ್ಟಿಗೆ ಹಿಂದಿನ ಸಿಡಿತಗಳ ಬೂದಿಗಲ್ಲನ್ನೇ. ಹಳೆಯ ಬೂದಿಯ ರಾಶಿಯ ನಡುವೆಯೇ ಹೊಸ ಗುಂಡಿ ಬಿದ್ದಿದೆ. ಬೂದಿ ಗಟ್ಟಿಯಾದ ಕಲ್ಲಾಗುವುದು ಹೇಗೆಂದು ಕೇಳಬಹುದು. ಬಿಸಿಯಾದ ಬೂದಿಯೂ ಅನಿಲವೂ ಬೆರೆತ ಮೋಡ ಆಕಾಶಕ್ಕೆ ಏರುವುದಷ್ಟೇ ಅಲ್ಲ, ಭಾರ ತಾಳಲಾರದೆ ನೆಲವನ್ನು ತಬ್ಬಿಕೊಂಡು ಪ್ರವಾಹದಂತೆ ಓಡುತ್ತದೆ. ನಿಂತಲ್ಲಿ ನೂರಾರು ಮೀಟರ್ ದಪ್ಪಕ್ಕೆ ರಾಶಿಬಿದ್ದು, ತನ್ನದೇ ಶಾಖಕ್ಕೆ, ತನ್ನದೇ ಭಾರಕ್ಕೆ ಕಣಕಣ ಬೆಸೆದು ಕಲ್ಲಾಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಸುಮಾರು 74,000 ವರ್ಷಗಳ ಹಿಂದೆ ನಡೆಯಿತು. ಬಿಸಿಬೂದಿಯ ಪ್ರವಾಹ ಸುಮಾತ್ರದ 20,000 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಮುಚ್ಚಿ, ದ್ವೀಪದ ಎರಡೂ ಬದಿಯ ಕಡಲನ್ನು ಮುಟ್ಟಿತು. ಹೊರಬಿದ್ದ ಶಿಲಾರಸ ಕಡಿಮೆಯೆಂದರೂ 2,800 ಘನ ಕಿಲೋಮೀಟರ್ ಎಂದು ಪ್ರಸಿದ್ಧವಾದ ಒಂದು ಗಣನೆ. ಈ ಅಂಕಿ ತಲೆಗೆ ಹತ್ತುವುದಿಲ್ಲ; ನನಗೂ ಹತ್ತಲಿಲ್ಲ. ಹೀಗೆ ಲೆಕ್ಕ ಹಾಕಿ ನೋಡಿದೆ: ಅಷ್ಟು ಕಲ್ಲನ್ನು ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ರಾಜ್ಯದ ಮೇಲೆಲ್ಲ ಸಮನಾಗಿ ಹರಡಿದರೆ ಹದಿನಾಲ್ಕು ಮೀಟರಿಗೂ ಹೆಚ್ಚು ದಪ್ಪವಾಗುತ್ತದೆ. ನಾಲ್ಕಂತಸ್ತಿನ ಮನೆ ಮುಳುಗುವಷ್ಟು. 1815ರಲ್ಲಿ ಅದೇ ದ್ವೀಪಸಮೂಹದ ತಂಬೋರಾ ಸಿಡಿದು ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬಾರದೆ ಬೆಳೆ ಕೆಟ್ಟಿತು. ಆ ತಂಬೋರಾ ಟೋಬಾದ ಮುಂದೆ ಐವತ್ತರಲ್ಲೊಂದು ಪಾಲು ಇದ್ದೀತು. ಇಷ್ಟೆಲ್ಲ ನಡೆದದ್ದು ಒಂಬತ್ತರಿಂದ ಹದಿನಾಲ್ಕು ದಿನಗಳಲ್ಲಿ ಎಂದು ಕಡಲ ತಳದ ಬೂದಿಯನ್ನು ನೋಡಿ ಕೆಲವರು ಅಂದಾಜು ಕಟ್ಟಿದ್ದಾರೆ.

ಆಮೇಲೆ ತಗ್ಗಿನಲ್ಲಿ ಮಳೆನೀರು ನಿಂತಿತು. ಆದರೆ ಕೆಳಗಿನ ಕಣಜ ಸುಮ್ಮನಾಗಲಿಲ್ಲ. ಅಳಿದುಳಿದ ಶಿಲಾರಸದ ಒತ್ತಡಕ್ಕೆ ಕೊಪ್ಪರಿಗೆಯ ತಳವೇ, ಹಂಚಿನ ಮೇಲೆ ರೊಟ್ಟಿ ಉಬ್ಬುವಂತೆ, ನಿಧಾನವಾಗಿ ಮೇಲಕ್ಕೆ ಉಬ್ಬಿತು. ನೀರಿನಿಂದ ತಲೆಯೆತ್ತಿದ ಆ ಉಬ್ಬೇ ಸಾಮೋಸಿರ್. ಇದಕ್ಕೆ ಸಾಕ್ಷಿ ಬೇಕೆಂದರೆ ಆ ದ್ವೀಪದ ನೆತ್ತಿಗೆ ಹೋಗಬೇಕು. ಸರೋವರದ ತಳದಲ್ಲಿ ಮಾತ್ರ ಕೂರುವಂಥ ನಯವಾದ ಕೆಸರಿನ ಪದರಗಳು ಅಲ್ಲಿ ಇಂದಿನ ನೀರಿನ ಮಟ್ಟಕ್ಕಿಂತ ನೂರಾರು ಮೀಟರ್ ಮೇಲೆ, ಪಶ್ಚಿಮಕ್ಕೆ ವಾಲಿಕೊಂಡು ಕೂತಿವೆ. ಪಶ್ಚಿಮ ದಡದ ಪುಸುಕ್ ಬುಹಿತ್ ಎಂಬ ಬೆಟ್ಟ ಕೊಪ್ಪರಿಗೆ ಕುಸಿದ ಮೇಲೆ ಹುಟ್ಟಿದ್ದು. ಬಾಟಕ್ ಜನ ತಮ್ಮ ಮೂಲಪುರುಷ ಅಲ್ಲಿಗೇ ಇಳಿದನೆಂದು ನಂಬಿ ಅದನ್ನು ಪವಿತ್ರವೆಂದು ಭಾವಿಸುತ್ತಾರೆ. ಅದರ ಇಳಿಜಾರಿನಲ್ಲಿ ಈಗಲೂ ಗಂಧಕದ ವಾಸನೆಯ ಬಿಸಿನೀರಿನ ಬುಗ್ಗೆಗಳಿವೆ. ಭೂಕಂಪದ ಅಲೆಗಳಿಂದ ಒಳಗನ್ನು ಪರೀಕ್ಷಿಸಿದವರು ಅರೆಕರಗಿದ ಕಲ್ಲು ಆಳದಲ್ಲಿ ಇನ್ನೂ ಇದೆಯೆನ್ನುತ್ತಾರೆ. 2020ರಲ್ಲಿ ಯುನೆಸ್ಕೋ ಸಂಸ್ಥೆ ಈ ಕೊಪ್ಪರಿಗೆಯನ್ನು ಜಾಗತಿಕ ಭೂ ಉದ್ಯಾನವೆಂದು ಗುರುತಿಸಿತು.

ಇನ್ನು ಬೂದಿಯ ಕಡೆ ಬರೋಣ. ‘ಬೂದಿ’ ಎಂಬ ಮಾತು ಇಲ್ಲಿ ದಾರಿತಪ್ಪಿಸುತ್ತದೆ. ನಿಮ್ಮ ಅಜ್ಜಿ ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿ ಸೌದೆ ಸುಟ್ಟುಳಿದದ್ದು. ಅಗ್ನಿಪರ್ವತದ ಬೂದಿ ಸುಟ್ಟದ್ದಲ್ಲ; ಅದು ಗಾಜು. ಸೋಡಾದಂತೆ ನೊರೆಯೆದ್ದ ಶಿಲಾರಸ ಗಾಳಿಗೆ ಬಂದು ಫಕ್ಕನೆ ತಣ್ಣಗಾಗಿ, ಗುಳ್ಳೆಗಳ ಗೋಡೆಗಳು ಒಡೆದು ಚೂರಾದಾಗ ಆಗುವ ಪುಡಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಬಳೆಚೂರುಗಳಂತೆ ಬಾಗಿದ ತುಣುಕುಗಳು ಕಾಣುತ್ತವೆ. ಪ್ರತಿಯೊಂದು ಸಿಡಿತದ ಗಾಜಿಗೂ ಅದರದೇ ರಾಸಾಯನಿಕ ಪಾಕವಿದೆ. ಆದಕಾರಣ ಎಲ್ಲಿ ಸಿಕ್ಕರೂ ಇದು ಇಂಥ ಪರ್ವತದ್ದು, ಇಂಥ ಸಲದ್ದು ಎಂದು ಗುರುತಿಸಬಹುದು. ಟೋಬಾದ ಬೂದಿ ಬಂಗಾಳ ಕೊಲ್ಲಿಯ ತಳದಲ್ಲಿದೆ, ಅರಬ್ಬೀ ಸಮುದ್ರದ ತಳದಲ್ಲಿಯೂ ಇದೆ. ನಡುವೆ ಇರುವ ನಾವು ಆ ಮೋಡದಡಿ ಇದ್ದೆವೆಂದೇ ಅರ್ಥವಲ್ಲವೆ? ಪೂರ್ವ ಆಫ್ರಿಕದ ಮಲಾವಿ ಸರೋವರದ ಕೆಸರಿನಲ್ಲಿ, ಇನ್ನೂ ಆಚೆ ದಕ್ಷಿಣ ಆಫ್ರಿಕದ ಕಡಲತೀರದಲ್ಲಿಯೂ ಅದರ ಕಣಗಳು ಸಿಕ್ಕಿವೆ. ಭಾರತದಲ್ಲಿ ಮಧ್ಯಪ್ರದೇಶದ ಸೋನ್ ನದಿಯ ಕಣಿವೆಯಲ್ಲಿ, ಮಹಾರಾಷ್ಟ್ರದಲ್ಲಿ, ಆಂಧ್ರದಲ್ಲಿ ಬಿಳಿಯ ಪದರವಾಗಿ ನೆಲದಲ್ಲಿ ಹುದುಗಿದೆ.

ಆಂಧ್ರದ್ದೇ ನಾನು ಮೊದಲು ಹೇಳಿದ ಜಾಗ. ಬನಗಾನಪಲ್ಲಿಯ ಕಡೆ, ಜುರ‍್ರೇರು ಎಂಬ ಹೊಳೆಯ ಕಣಿವೆಯಲ್ಲಿ, ಜ್ವಾಲಾಪುರಂ ಎಂಬ ಹಳ್ಳಿ. ಹಿಂದೆ ಕರ್ನೂಲು ಜಿಲ್ಲೆ. 2022ರಿಂದ ನಂದ್ಯಾಲ ಜಿಲ್ಲೆ. ಜ್ವಾಲೆಯ ಪುರವೆಂಬ ಹೆಸರಿಗೂ ಅಗ್ನಿಪರ್ವತದ ಬೂದಿಗೂ ಸಂಬಂಧ ಕಲ್ಪಿಸಲು ಯಾರಿಗಾದರೂ ಆಸೆಯಾದೀತು. ದಯವಿಟ್ಟು ಬೇಡ! 74,000 ವರ್ಷ ಯಾವ ಊರಿನ ಹೆಸರೂ ಬಾಳುವುದಿಲ್ಲ. ಅಲ್ಲಿ ಬೂದಿಗಾಗಿ ನೆಲ ಅಗೆದ ಕಡೆ ಅದರ ಪದರ ಬಯಲಾಗಿದೆ. ಕೆಳಗಿನ ಕೆಲವೇ ಸೆಂಟಿಮೀಟರಿನಷ್ಟು ಗಟ್ಟಿ ಪದರ ಆಕಾಶದಿಂದ ನೇರವಾಗಿ ಬಿದ್ದದ್ದು. ಅದರ ಮೇಲಿನ ಎರಡು ಮೀಟರಿಗೂ ಮಿಕ್ಕ ದಪ್ಪ, ಸುತ್ತಲ ಗುಡ್ಡಗಳ ಮೇಲೆ ಬಿದ್ದ ಬೂದಿ ಮಳೆನೀರಿನಲ್ಲಿ ತೊಳೆದು ಬಂದು ತಗ್ಗಿನಲ್ಲಿ ಸೇರಿಕೊಂಡದ್ದು. 2,600 ಕಿಲೋಮೀಟರಿಗೂ ದೂರದ ಬೆಂಕಿಯ ಗಾಜು.

ಬೆರಳುದ್ದದ ಪದರವಷ್ಟೇ ಎನ್ನಬೇಡಿ. ಹುಲ್ಲಿನ ಮೇಲೆ, ಎಲೆಯ ಮೇಲೆ, ಕುಡಿಯುವ ನೀರಿನಲ್ಲಿ, ಮೇಯುವ ಜಿಂಕೆಯ ಹಲ್ಲಿನಲ್ಲಿ, ಉಸಿರಿನಲ್ಲಿ ಗಾಜಿನ ಪುಡಿ! ಜೊತೆಗೆ ಗಂಧಕದ ಅನಿಲ ಮೇಲಿನ ಆಕಾಶಕ್ಕೇರಿ ಸಣ್ಣ ಹನಿಗಳಾಗಿ ನಿಂತು ಬಿಸಿಲನ್ನು ತಡೆಯುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗಲೇ ಭೂಮಿಯ ಶಾಖ ಮರುವರ್ಷ ಸುಮಾರು ಅರ್ಧ ಡಿಗ್ರಿ ಇಳಿದಿತ್ತು. ಟೋಬಾದ ಮುಂದೆ ಅದು ದೀಪಾವಳಿಯ ಪಟಾಕಿ. ಆದುದರಿಂದ 1992ರಲ್ಲಿ ರಾಂಪಿನೊ ಮತ್ತು ಸೆಲ್ಫ್ ಎಂಬ ವಿದ್ವಾಂಸರು ಟೋಬಾದಿಂದ ವರ್ಷಗಟ್ಟಲೆ ಚಳಿ ಕವಿದಿರಬೇಕೆಂದರು. 1998ರಲ್ಲಿ ಅಮೆರಿಕದ ಸ್ಟಾನ್ಲಿ ಆಂಬ್ರೋಸ್ ಇನ್ನೂ ಮುಂದೆ ಹೋಗಿ, ಅಂದು ಮನುಷ್ಯಕುಲ ಕೆಲವೇ ಸಾವಿರ ಮಂದಿಗೆ ಇಳಿದಿತ್ತು, ನಾವೆಲ್ಲರೂ ಆ ಉಳಿದವರ ಸಂತಾನ ಎಂದ. ಕೇಳಿದವರು ಬೆಚ್ಚುವಂಥ ಮಾತು. ಪತ್ರಿಕೆಗಳಿಗೂ ಪ್ರಿಯವಾಯಿತು.

ಇದನ್ನು ಪರೀಕ್ಷಿಸುವುದಕ್ಕೆ ಜ್ವಾಲಾಪುರದಂಥ ಜಾಗ ಇನ್ನೆಲ್ಲಿದ್ದೀತು? ಬೂದಿಯ ಕೆಳಗೆ ಅಗೆದರೆ ಸಿಡಿತದ ಹಿಂದಿನ ಕಾಲ, ಮೇಲೆ ಅಗೆದರೆ ನಂತರದ ಕಾಲ. ಮೈಕಲ್ ಪೆಟ್ರಾಗ್ಲಿಯಾ ಅವರೂ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಅವರೂ ತಮ್ಮ ಸಂಗಡಿಗರೊಡನೆ ಅಗೆದು, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೂದಿಯ ಕೆಳಗೆ ಕಲ್ಲಿನ ಆಯುಧಗಳಿದ್ದವು. ಬೂದಿಯ ಮೇಲೆಯೂ ಇದ್ದವು. ಎರಡರ ಕೆಲಸವೂ ಬಹುಪಾಲು ಒಂದೇ ರೀತಿ. ಒಂದೇ ಕೈ ಪಳಗಿದಂತೆ. ಹಾಗಾದರೆ ಬೂದಿ ಬಿದ್ದ ನಾಡಿನಲ್ಲಿಯೇ ಜನ ಬದುಕಿ ಉಳಿದರು ಎಂಬುದು ಅವರ ತೀರ್ಮಾನ. 2013ರಲ್ಲಿ ಮಲಾವಿಯ ಕೆಸರನ್ನು ನೋಡಿದವರಿಗೂ ಬೂದಿಯ ಪದರದ ಬಳಿ ಘೋರ ಚಳಿಯ ಗುರುತು ಸಿಗಲಿಲ್ಲ. 2018ರಲ್ಲಿ ದಕ್ಷಿಣ ಆಫ್ರಿಕದ ತೀರದಿಂದ ಬಂದ ವರದಿಯೂ ಅಲ್ಲಿನ ಜನ ಎಂದಿನಂತೆ ಬಾಳಿದರೆಂದಿತು.

ನನಗೆ ಈ ತೀರ್ಮಾನ ಹಿತವಾಗಿದೆ; ಆದರೆ ಹಿತವಾದದ್ದೆಂದು ಪೂರ್ತಿ ಒಪ್ಪಿಬಿಡುವ ಹಾಗಿಲ್ಲ. 2009ರಲ್ಲಿ ಬಂಗಾಳ ಕೊಲ್ಲಿಯ ತಳದ ಪರಾಗವನ್ನೂ ಮಧ್ಯಭಾರತದ ಹಳೆಯ ಮಣ್ಣನ್ನೂ ಪರೀಕ್ಷಿಸಿದ ಮಾರ್ಟಿನ್ ವಿಲಿಯಮ್ಸ್ ಮತ್ತು ಸಂಗಡಿಗರು, ಬೂದಿ ಬಿದ್ದ ಮೇಲೆ ಕಾಡು ಕುಗ್ಗಿ ಹುಲ್ಲುಗಾವಲು ಹೆಚ್ಚಿತೆಂದು ಕಂಡಿದ್ದಾರೆ. ಇನ್ನೊಂದು ತೊಡಕು ಕಾಲಗಣನೆಯದು. ಜ್ವಾಲಾಪುರದ ಮಣ್ಣಿಗೆ ಕಟ್ಟಿದ ವಯಸ್ಸಿನಲ್ಲಿ ಆರೇಳು ಸಾವಿರ ವರ್ಷ ಹಿಂದುಮುಂದಾಗಬಹುದು. ಬೂದಿ ಬಿದ್ದಾಗ ಅಲ್ಲಿನವರೆಲ್ಲ ಸತ್ತು, ಕಣಿವೆ ಐನೂರು ವರ್ಷ ಬರಿದಾಗಿ, ಆಮೇಲೆ ಬೇರೆಲ್ಲಿಂದಲೋ ಅದೇ ಬಗೆಯ ಆಯುಧ ಮಾಡುವ ಜನ ಬಂದು ನೆಲಸಿದ್ದರೂ ಅಗೆದವರ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಆ ಪದರಗಳಲ್ಲಿ ಒಂದು ಎಲುಬೂ ಮನುಷ್ಯರದು ದೊರೆತಿಲ್ಲ. ಆಯುಧ ಮಾಡಿದವರು ನಮ್ಮ ಜಾತಿಯ ಮನುಷ್ಯರೋ ಅವರಿಗಿಂತ ಹಿಂದಿನವರೋ ಎಂಬುದರಲ್ಲೇ ವಾದವಿದೆ. 2020ರಲ್ಲಿ ಸೋನ್ ಕಣಿವೆಯ ಢಾಬಾ ಎಂಬಲ್ಲಿಂದ ಇನ್ನೊಂದು ವರದಿ ಬಂತು. ಅಲ್ಲಿ 80,000 ವರ್ಷಗಳ ಹಿಂದಿನಿಂದ 65,000 ವರ್ಷಗಳ ಹಿಂದಿನವರೆಗೆ, ಎಂದರೆ ಟೋಬಾದ ಎರಡೂ ಬದಿಗೆ, ಆಯುಧಗಳ ಸಾಲು ಕಡಿದುಹೋಗದೆ ಬಂದಿದೆಯೆಂದು ಅಗೆದವರು ಹೇಳುತ್ತಾರೆ. ಹೀಗೆ ಜಾಗಗಳು ಒಂದೊಂದಾಗಿ ಸೇರಿದಂತೆ ಪಕ್ಷ ಬಲವಾಗುತ್ತಿದೆ.

ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗ ಈಗ ಇಬ್ಬರು ಮಕ್ಕಳ ತಂದೆ. ಕಳೆದ ಸಲ ಪೇಟೆಯಲ್ಲಿ ಸಿಕ್ಕಾಗ, ಚೂರುಗಳು ಸುತ್ತಮುತ್ತ ಇಲ್ಲದ್ದಕ್ಕೆ ಕಾರಣವನ್ನೂ, ಪುಡಿ ಎಲ್ಲಿಯವರೆಗೆ ಬಂದಿತೆಂಬುದನ್ನೂ ಹೇಳಿದೆ. ‘ಬಳ್ಳಾರಿಯಿಂದ ಅಷ್ಟೇ ದೂರವಾ ಸಾರ್? ಹಾಗಾದರೆ ರಜೆಯಲ್ಲಿ ಮಕ್ಕಳನ್ನು ಕರಕೊಂಡು ಹೋಗಿ ಬರಬಹುದು’ ಎಂದ. ನೀವೂ ಹೋಗುವುದಾದರೆ, ಅಗೆದ ಗುಂಡಿಯ ಗೋಡೆಯಲ್ಲಿ ಕೆಂಪುಮಣ್ಣಿನ ನಡುವೆ ಬೆಳ್ಳಗೆ ಕಾಣುವ ಪಟ್ಟಿಯನ್ನು ನೋಡಿ. ಅದರ ತೀರ ಕೆಳಗಿನ ನಾಲ್ಕು ಬೆರಳಷ್ಟೇ ಆಕಾಶದಿಂದ ಬಿದ್ದದ್ದು. ಬೆರಳಲ್ಲಿ ತುಸು ಉಜ್ಜಿದರೆ ಗಾಜಿನ ಗರಗರ ತಿಳಿಯುತ್ತದೆ. ಉಸಿರಿಗೆ ಮಾತ್ರ ಹೋಗದ ಹಾಗೆ ಎಚ್ಚರವಿರಲಿ.